ಸೋಲಿನ ಮರುದಿನ ಕೋಚ್ ಬದಲಿಸಬೇಡಿ

ಬೆಂಗಳೂರು ಎಫ್‌ಸಿ ಮಾಲೀಕ ಪಾರ್ಥ್ ಜಿಂದಾಲ್ ಅವರಿಗೆ ಬಹಿರಂಗ ಪತ್ರ

ಮಾನ್ಯ ಪಾರ್ಥ್ ಜಿಂದಾಲ್ ಅವರೇ,

ವಾರಾಂತ್ಯದಲ್ಲಿ ಬೆಂಗಳೂರು ಎಫ್‌ಸಿ ಸೋತರೆ ಊರಿನ ಫುಟ್‌ಬಾಲ್ ಮಾತು ಎತ್ತ ಹೊರಳುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಕಂಠೀರವ ಕ್ರೀಡಾಂಗಣದ ವೆಸ್ಟ್ ಬ್ಲಾಕ್‌ನ ಮೆಟ್ಟಿಲಿಳಿಯುವಾಗಲೇ ಶುರುವಾಗುವ ಆ ಮಾತು ಸೋಮವಾರ ಆಫೀಸಿನ ಊಟದ ಹೊತ್ತಿನವರೆಗೂ ನಿಲ್ಲುವುದಿಲ್ಲ. ಯಾರನ್ನು ಆಡಿಸಬೇಕಿತ್ತು, ಯಾರನ್ನು ಬೇಗ ಹೊರಗೆ ಕರೆಯಬೇಕಿತ್ತು ಎಂಬ ಚರ್ಚೆಯೆಲ್ಲ ಕೊನೆಗೆ ಬಂದು ಮುಟ್ಟುವುದು ಒಂದೇ ಕಡೆಗೆ: ಈ ಕೋಚ್ ಸಾಕು, ಬದಲಿಸಿ. ಇದರಲ್ಲಿ ತಪ್ಪೇನೂ ಇಲ್ಲ. ದುಡ್ಡು ಕೊಟ್ಟು ಟಿಕೆಟ್ ಕೊಂಡು, 90 ನಿಮಿಷ ಗಂಟಲು ಬಿರಿಯುವಂತೆ ಕೂಗಿದವರಿಗೆ ಸಿಟ್ಟು ಮಾಡಿಕೊಳ್ಳುವ ಹಕ್ಕಿದೆ. ಸೋತಾಗ ಯಾರಿಗೂ ಸಿಟ್ಟೇ ಬರುವುದಿಲ್ಲ ಎನ್ನುವ ಸ್ಥಿತಿ ಬಂದರೆ ಅದೇ ಕ್ಲಬ್‌ಗೆ ನಿಜವಾದ ಅಪಾಯ. ಆದರೆ ಅಭಿಮಾನಿಗಳ ಸಿಟ್ಟು ಬೇರೆ, ಮಾಲೀಕರ ತೀರ್ಮಾನ ಬೇರೆ. ನಮ್ಮ ಸಿಟ್ಟಿಗೆ ಮುಂದಿನ ಗೆಲುವಿನವರೆಗೆ ಮಾತ್ರ ಆಯುಷ್ಯ. ನಿಮ್ಮ ತೀರ್ಮಾನದ ಫಲವನ್ನು ತಂಡ ಇಡೀ ಋತು ಉಣ್ಣಬೇಕಾಗುತ್ತದೆ. ಅದಕ್ಕಾಗಿಯೇ ಈ ಪತ್ರ. ಋತುವಿನ ನಡುವೆ, ಸೋಲುಗಳ ಬೆನ್ನಿಗೇ ಕೋಚ್‌ನನ್ನು ಕೈಬಿಡುವ ರೂಢಿಯನ್ನು ಕ್ಲಬ್ ನಿಲ್ಲಿಸಬೇಕು ಎಂಬುದು ನನ್ನ ಬಿನ್ನಹ. ಇದು ಯಾವೊಬ್ಬ ಕೋಚ್ ಪರವಾದ ವಕಾಲತ್ತೂ ಅಲ್ಲ. ಇದಕ್ಕೆ ಬೇಕಾದ ಸಾಕ್ಷ್ಯವನ್ನು ದೂರ ಹುಡುಕಬೇಕಿಲ್ಲ, ನಿಮ್ಮ ಕ್ಲಬ್‌ನ ದಾಖಲೆಯಲ್ಲೇ ಇದೆ.

ಒಂದೇ ಕೋಚ್, ಒಂದೇ ಎದುರಾಳಿ, ಒಂದೇ ಅಂತರದ ಎರಡು ಸೋಲುಗಳನ್ನು ಮೊದಲು ಪಕ್ಕಪಕ್ಕ ಇಟ್ಟು ನೋಡೋಣ. 2022ರ ನವೆಂಬರ್‌ನಲ್ಲಿ ಆಗಿನ ಕೋಚ್ ಸೈಮನ್ ಗ್ರೇಸನ್ ಅವರ ತಂಡ ಮುಂಬೈಗೆ ಹೋಗಿ ಮುಂಬೈ ಸಿಟಿ ಎದುರು 0–4ರಿಂದ ಸೋತಿತು. ಆ ವರ್ಷ ಮುಗಿಯುವಷ್ಟರಲ್ಲಿ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಆಡಿದ 12 ಪಂದ್ಯಗಳಲ್ಲಿ ಗೆದ್ದದ್ದು ಮೂರು, ಡ್ರಾ ಒಂದು, ಸೋತದ್ದು ಎಂಟು. ಕೈಯಲ್ಲಿ ಬರೀ 10 ಪಾಯಿಂಟ್. ಕೋಚ್ ತಲೆದಂಡಕ್ಕೆ ಇದಕ್ಕಿಂತ ದೊಡ್ಡ ನೆಪ ಬೇಕಿರಲಿಲ್ಲ. ಆದರೂ ನೀವು ಅವರನ್ನು ಉಳಿಸಿಕೊಂಡಿರಿ. ಆಮೇಲೆ ಉಳಿದಿದ್ದ ಎಂಟಕ್ಕೆ ಎಂಟೂ ಲೀಗ್ ಪಂದ್ಯಗಳನ್ನು ಅದೇ ತಂಡ ಅದೇ ಕೋಚ್ ಕೈಕೆಳಗೆ ಗೆದ್ದಿತು. ಅಲ್ಲಿಯವರೆಗೆ ಆ ಲೀಗ್‌ನಲ್ಲಿ ಸೋಲನ್ನೇ ಕಾಣದಿದ್ದ ಮುಂಬೈ ಸಿಟಿಯನ್ನು ಕಂಠೀರವದಲ್ಲಿ 2–1ರಿಂದ ಮಣಿಸಿದ್ದೂ ಆ ಓಟದಲ್ಲೇ. 34 ಪಾಯಿಂಟ್‌ಗಳೊಂದಿಗೆ ನಾಲ್ಕನೇ ಸ್ಥಾನ ಸಿಕ್ಕಿತು. ಪ್ಲೇಆಫ್‌ನಲ್ಲಿ ಕೇರಳ ಬ್ಲಾಸ್ಟರ್ಸ್, ಸೆಮಿಫೈನಲ್‌ನಲ್ಲಿ ಮತ್ತೆ ಮುಂಬೈ ಸಿಟಿಯನ್ನು ದಾಟಿ ತಂಡ ಫೈನಲ್ ತಲುಪಿತು. ಅಲ್ಲಿ ಎಟಿಕೆ ಮೋಹನ್ ಬಾಗಾನ್ ಎದುರು 2–2 ಆಗಿ, ಪೆನಾಲ್ಟಿ ಶೂಟೌಟ್‌ನಲ್ಲಿ ಮಾತ್ರ ಸೋತಿತು. ಯುವ ಸ್ಟ್ರೈಕರ್ ಶಿವಶಕ್ತಿ ನಾರಾಯಣನ್ ಲೀಗ್‌ನ ಉದಯೋನ್ಮುಖ ಆಟಗಾರ ಎನಿಸಿಕೊಂಡದ್ದೂ ಅದೇ ಋತುವಿನಲ್ಲಿ. ಡಿಸೆಂಬರ್‌ನಲ್ಲೇ ಕೋಚ್ ಬದಲಾಗಿದ್ದರೆ ಇಷ್ಟೂ ಆಗುತ್ತಿತ್ತು ಎಂದು ಎದೆತಟ್ಟಿ ಹೇಳಬಲ್ಲವರು ಯಾರಿದ್ದಾರೆ?

ಎರಡನೇ ಸೋಲು 2023ರ ಡಿಸೆಂಬರ್ 8ರದು. ಮತ್ತೆ ಮುಂಬೈ ಸಿಟಿ, ಮತ್ತೆ 0–4, ಈ ಬಾರಿ ನಮ್ಮ ಕಂಠೀರವದಲ್ಲೇ. ಮರುದಿನವೇ ಗ್ರೇಸನ್ ಅವರನ್ನು ಕ್ಲಬ್ ಬಿಡುಗಡೆ ಮಾಡಿತು. ಒಂಬತ್ತು ಪಂದ್ಯಗಳಲ್ಲಿ ಒಂದೇ ಗೆಲುವು ಎಂಬ ಲೆಕ್ಕ ಅವರ ವಿರುದ್ಧ ಇತ್ತು, ನಿಜ. ಆದರೆ ಬದಲಾವಣೆಯಿಂದ ಆ ಋತುವಿಗೆ ಆದ ಲಾಭವೇನು? 12 ತಂಡಗಳಲ್ಲಿ ಹತ್ತನೇ ಸ್ಥಾನ. ಆರು ತಂಡಗಳಿಗೆ ಅವಕಾಶವಿದ್ದ ಪ್ಲೇಆಫ್ ಹತ್ತಿರವೂ ಬರಲಿಲ್ಲ. ಹೊಸ ಕೋಚ್ ಬಂದ ಮೇಲೆ ಪಂದ್ಯವೊಂದಕ್ಕೆ ಗಳಿಸಿದ ಪಾಯಿಂಟ್ ಸ್ವಲ್ಪ ಹೆಚ್ಚಿತ್ತು ಎನ್ನುವುದನ್ನು ಪ್ರಾಮಾಣಿಕವಾಗಿ ಒಪ್ಪಬೇಕು. ಅಷ್ಟೊಂದು ಕೆಳಗೆ ಬಿದ್ದ ತಂಡ ಅದಕ್ಕಿಂತ ಕೆಳಗಿಳಿಯುವುದು ಕಷ್ಟ ಎನ್ನುವುದನ್ನೂ ಅಷ್ಟೇ ಪ್ರಾಮಾಣಿಕವಾಗಿ ಒಪ್ಪಬೇಕು.

ಅದಕ್ಕೂ ಹಿಂದಿನ ಉದಾಹರಣೆ ಇನ್ನೂ ಸ್ಪಷ್ಟ. ಕಾರ್ಲೆಸ್ ಕ್ವಾದ್ರಾತ್ ಈ ಕ್ಲಬ್‌ಗೆ ಐಎಸ್‌ಎಲ್ ಪ್ರಶಸ್ತಿ ತಂದುಕೊಟ್ಟವರು. 2019ರ ಮಾರ್ಚ್ 17ರ ಫೈನಲ್‌ನಲ್ಲಿ, ಹೆಚ್ಚುವರಿ ಅವಧಿಯೂ ಮುಗಿಯುತ್ತ ಬಂದಾಗ, ಕಾರ್ನರ್‌ನಿಂದ ತೇಲಿ ಬಂದ ಚೆಂಡನ್ನು ರಾಹುಲ್ ಭೆಕೆ ತಲೆಯಿಂದ ಗೋಲಿನೊಳಗೆ ತಳ್ಳಿದ ಆ ಗಳಿಗೆಯನ್ನು ಈ ಊರಿನ ಫುಟ್‌ಬಾಲ್ ಪ್ರೇಮಿಗಳು ಮರೆತಿಲ್ಲ. 2021ರ ಜನವರಿಯಲ್ಲಿ ಸತತ ಮೂರು ಸೋಲುಗಳ ನಂತರ ಕ್ಲಬ್ ಮತ್ತು ಅವರ ದಾರಿ ಬೇರೆಯಾಯಿತು. ಆಗ ತಂಡದ ಲೆಕ್ಕ ನೋಡಿ: ಒಂಬತ್ತು ಪಂದ್ಯಗಳಲ್ಲಿ ಮೂರು ಗೆಲುವು, ಮೂರು ಡ್ರಾ, ಮೂರು ಸೋಲು, 12 ಪಾಯಿಂಟ್. ಕೋವಿಡ್ ಕಾರಣಕ್ಕೆ ಲೀಗ್ ಪೂರ್ತಿ ಗೋವಾದಲ್ಲಿ, ಪ್ರೇಕ್ಷಕರಿಲ್ಲದೆ ನಡೆಯುತ್ತಿದ್ದ ಕಾಲ ಅದು. ಅವರು ಹೋದ ಮೇಲೆ ಉಳಿದ 11 ಪಂದ್ಯಗಳಿಂದ ಬಂದದ್ದು 10 ಪಾಯಿಂಟ್ ಮಾತ್ರ. ತಂಡ ಏಳನೇ ಸ್ಥಾನಕ್ಕೆ ಜಾರಿತು. ಅತ್ತ ಕ್ವಾದ್ರಾತ್ 2023ರಲ್ಲಿ ಈಸ್ಟ್ ಬೆಂಗಾಲ್ ಸೇರಿದರು, ವರ್ಷ ತುಂಬುವ ಮೊದಲೇ, 2024ರ ಜನವರಿಯಲ್ಲಿ, ಆ ಕ್ಲಬ್‌ಗೆ ಸೂಪರ್ ಕಪ್ ಗೆದ್ದುಕೊಟ್ಟರು. ಮೂರು ಸೋಲುಗಳಿಂದ ಒಬ್ಬ ಕೋಚ್ ದಡ್ಡನಾಗುವುದಿಲ್ಲ. ಆತುರಪಟ್ಟದ್ದು ಬೆಂಗಳೂರು ಮಾತ್ರವೂ ಅಲ್ಲ: ಅದೇ ಕ್ವಾದ್ರಾತ್ ಅವರಿಂದ ಈಸ್ಟ್ ಬೆಂಗಾಲ್ ಮುಂದಿನ ಲೀಗ್‌ನ ಮೊದಲ ಮೂರು ಸೋಲುಗಳ ಬೆನ್ನಿಗೇ ದೂರವಾಯಿತು, ಕೊನೆಗೆ ಒಂಬತ್ತನೇ ಸ್ಥಾನದಲ್ಲಿ ಉಳಿಯಿತು.

ಕೋಚ್ ಬದಲಾದ ಕೂಡಲೇ ತಂಡ ಚೇತರಿಸಿಕೊಳ್ಳುತ್ತದಲ್ಲ ಎನ್ನುವವರಿದ್ದಾರೆ. ಕಣ್ಣಿಗೆ ಹಾಗೆ ಕಾಣುವುದು ಹೌದು. ನೆದರ್‌ಲೆಂಡ್ಸ್‌ನ ಅರ್ಥಶಾಸ್ತ್ರಜ್ಞ ಬಾಸ್ ಟೆರ್ ವೀಲ್ ತಮ್ಮ ದೇಶದ ಅಗ್ರ ಲೀಗ್‌ನ 1986ರಿಂದ 2004ರವರೆಗಿನ ಫಲಿತಾಂಶಗಳನ್ನು ಇದೇ ಪ್ರಶ್ನೆ ಇಟ್ಟುಕೊಂಡು ಪರಿಶೀಲಿಸಿದರು. ಸತತ ಸೋತು ಕೋಚ್‌ನನ್ನು ಕಳಿಸಿದ ತಂಡಗಳನ್ನು, ಅಷ್ಟೇ ಕೆಟ್ಟದಾಗಿ ಸೋತರೂ ಕೋಚ್‌ನನ್ನು ಉಳಿಸಿಕೊಂಡ ತಂಡಗಳ ಜೊತೆ ಹೋಲಿಸಿದರು. ಎರಡೂ ಬಗೆಯ ತಂಡಗಳು ಚೇತರಿಸಿಕೊಂಡವು. ಬದಲಾವಣೆಯಿಂದ ವಿಶೇಷ ಲಾಭವೇನೂ ಕಾಣಲಿಲ್ಲ. ಫುಟ್‌ಬಾಲ್ ಕಡಿಮೆ ಗೋಲುಗಳ ಆಟ. ಒಂದು ಚೆಂಡು ಕಂಬಕ್ಕೆ ಬಡಿಯುವುದು, ಒಬ್ಬ ಡಿಫೆಂಡರ್ ಗಾಯಗೊಳ್ಳುವುದು, ಒಂದು ಪೆನಾಲ್ಟಿ ತಪ್ಪುವುದು ಇಷ್ಟರಲ್ಲೇ ವಾರಾಂತ್ಯದ ಫಲಿತಾಂಶ ತಿರುಗಿಬಿಡುತ್ತದೆ. ಅಂಥ ಮೂರ್ನಾಲ್ಕು ವಾರಾಂತ್ಯ ಸಾಲಾಗಿ ಬಂದರೆ ಅದು ಬಿಕ್ಕಟ್ಟಿನಂತೆ ಕಾಣುತ್ತದೆ. ತಂಡ ತನ್ನ ಸಹಜ ಮಟ್ಟಕ್ಕೆ ಮರಳಿದಾಗ ಯಶಸ್ಸಿನ ಹಾರ ಹೊಸಬನ ಕೊರಳಿಗೆ ಬೀಳುತ್ತದೆ.

ಋತುವಿನ ನಡುವೆ ಬರುವ ಕೋಚ್ ನಿಜವಾಗಿ ಏನನ್ನು ಬದಲಿಸಬಲ್ಲ ಎಂಬುದನ್ನೂ ಯೋಚಿಸಿ. ಆಟಗಾರರನ್ನು ಆರಿಸಿದವನು ಅವನಲ್ಲ. ವಿದೇಶಿ ಆಟಗಾರರ ಸಂಖ್ಯೆಗೆ ಮಿತಿಯಿದೆ. ಆ ಜಾಗಗಳನ್ನು ಹಿಂದಿನವನು ತನ್ನ ಆಟದ ಪದ್ಧತಿಗೆ ಹೊಂದುವಂತೆ ತುಂಬಿಸಿ ಹೋಗಿರುತ್ತಾನೆ. ತಂಡದ ದೈಹಿಕ ತಯಾರಿ ಋತುವಿಗೆ ಮುಂಚಿನ ಶಿಬಿರದಲ್ಲೇ ಮುಗಿದಿರುತ್ತದೆ. ಎರಡು ಪಂದ್ಯಗಳ ನಡುವೆ ಸಿಗುವುದು ಕೆಲವೇ ದಿನಗಳ ಅಭ್ಯಾಸ. ಹೀಗಾಗಿ ಅವನು ಮೊದಲು ಮಾಡುವುದು ತಪ್ಪಿಲ್ಲದ, ರಕ್ಷಣೆಯೇ ಮುಖ್ಯವಾದ ಆಟ. ಹಿರಿಯರ ಮೇಲೆ ಭಾರ, ಕಿರಿಯರು ಬೆಂಚಿಗೆ. ಎರಡು ವರ್ಷಕ್ಕೊಮ್ಮೆ ಪದ್ಧತಿ ಬದಲಾದರೆ ಕ್ಲಬ್‌ನ ಯುವ ತಂಡದಿಂದ ಮೇಲೆ ಬರುವ ಹುಡುಗ ಯಾರ ಆಟವನ್ನು ಕಲಿಯಬೇಕು?

ಈ ಕ್ಲಬ್ ಗೆದ್ದದ್ದು ಯಾವಾಗ ಎಂದು ನೋಡಿದರೆ ಉತ್ತರ ಸಿಗುತ್ತದೆ. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿದ್ದು ಆಲ್ಬರ್ಟ್ ರೋಕಾ ಅವರ ಕಾಲದಲ್ಲಿ. 2018ರ ಐಎಸ್‌ಎಲ್ ಫೈನಲ್‌ನಲ್ಲಿ ನಮ್ಮದೇ ಅಂಗಳದಲ್ಲಿ ಚೆನ್ನೈಯಿನ್ ಎದುರು 2–3ರಿಂದ ಸೋತ ನೋವು ಸಣ್ಣದಲ್ಲ. ಆದರೂ ರೋಕಾ ಬಿಟ್ಟುಹೋದಾಗ ಕ್ಲಬ್ ಎಲ್ಲವನ್ನೂ ಕೆಡವಿ ಹೊಸದಾಗಿ ಕಟ್ಟಲು ಹೋಗಲಿಲ್ಲ. ಅವರ ಸಹಾಯಕರಾಗಿದ್ದ ಕ್ವಾದ್ರಾತ್ ಅವರಿಗೇ ಹೊಣೆ ಕೊಟ್ಟಿತು. ಮರುವರ್ಷವೇ ಪ್ರಶಸ್ತಿ ಬಂತು. ಕ್ವಾದ್ರಾತ್ ಅವರ ಬಳಗದಲ್ಲಿ ಕೆಲಸ ಮಾಡಿದ್ದ, ಗ್ರೇಸನ್ ನಂತರ ಕೋಚ್ ಆಗಿ ಬಂದ ಜೆರಾರ್ಡ್ ಜರಗೋಜಾ ಅವರನ್ನು 2023–24ರ ಹತ್ತನೇ ಸ್ಥಾನದ ನಂತರವೂ ನೀವು ಉಳಿಸಿಕೊಂಡಿರಿ. ಪೂರ್ತಿ ತಯಾರಿಯೊಂದಿಗೆ ಶುರುಮಾಡಿದ ಮುಂದಿನ ಋತುವಿನಲ್ಲಿ ತಂಡ ಮೂರನೇ ಸ್ಥಾನ ಪಡೆಯಿತು, ಪ್ಲೇಆಫ್‌ನಲ್ಲಿ ಮುಂಬೈ ಸಿಟಿಯನ್ನು 5–0ರಿಂದ ಸೋಲಿಸಿತು, 2025ರ ಏಪ್ರಿಲ್‌ನ ಫೈನಲ್‌ನಲ್ಲಿ ಮೋಹನ್ ಬಾಗಾನ್ ಎದುರು ಹೆಚ್ಚುವರಿ ಅವಧಿಯವರೆಗೂ ಸೆಣಸಿತು. ಅದೇ ಋತುವಿನ ಡಿಸೆಂಬರ್‌ನಲ್ಲಿ ಸುನಿಲ್ ಚೆಟ್ರಿ ಅವರ ಹ್ಯಾಟ್ರಿಕ್‌ನಿಂದ ನಮ್ಮೆದುರು 2–4ರಿಂದ ಸೋತ ಕೇರಳ ಬ್ಲಾಸ್ಟರ್ಸ್, ಮುಂದಿನ ಸೋಲಿನ ನಂತರ ಕೋಚ್ ಮಿಕಾಯೆಲ್ ಸ್ಟಾರೆ ಅವರನ್ನು ಮನೆಗೆ ಕಳಿಸಿತು. ಎಂಟನೇ ಸ್ಥಾನಕ್ಕಿಂತ ಮೇಲೇರಲು ಅದಕ್ಕೆ ಆಗಲಿಲ್ಲ.

ನನ್ನ ವಾದಕ್ಕೆ ಗಟ್ಟಿಯಾದ ಆಕ್ಷೇಪಗಳಿವೆ. ಯುರೋಪಿನ ದೊಡ್ಡ ಕ್ಲಬ್‌ಗಳೇ ಹೀಗೆ ಮಾಡುತ್ತವಲ್ಲ, 2012ರ ಮಾರ್ಚ್‌ನಲ್ಲಿ ಕೋಚ್ ಬದಲಿಸಿದ ಚೆಲ್ಸಿ ಅದೇ ವರ್ಷ ಚಾಂಪಿಯನ್ಸ್ ಲೀಗ್ ಗೆದ್ದಿತಲ್ಲ ಎಂಬುದು ಒಂದು. ಗೆದ್ದದ್ದು ಹೌದು, ಆದರೆ ಆಗ ಹೊಣೆ ಹೊತ್ತ ರಾಬರ್ಟೊ ಡಿ ಮ್ಯಾಟಿಯೊ ಅದೇ ಕ್ಲಬ್‌ನ ಹಳೆಯ ಆಟಗಾರ, ಆಗಿನ ಸಹಾಯಕ ಕೋಚ್. ಹೊರಗಿನಿಂದ ಬಂದು ಎಲ್ಲವನ್ನೂ ತಲೆಕೆಳಗು ಮಾಡಿದವರಲ್ಲ. ಅಲ್ಲಿನ ಹೆಚ್ಚಿನ ಕ್ಲಬ್‌ಗಳನ್ನು ಆತುರಕ್ಕೆ ದೂಡುವುದು ಕೆಳಗಿನ ಲೀಗ್‌ಗೆ ಇಳಿಯುವ ಭಯ. ನಾನು ಇಲ್ಲಿ ಲೆಕ್ಕಕ್ಕೆ ತೆಗೆದುಕೊಂಡ ಋತುಗಳಲ್ಲಿ ಐಎಸ್‌ಎಲ್‌ನ ಯಾವ ತಂಡವೂ ಸೋತ ಕಾರಣಕ್ಕೆ ಕೆಳಗಿಳಿಯಲಿಲ್ಲ. ಇಲ್ಲದ ಭಯಕ್ಕೆ ಅಲ್ಲಿನ ಔಷಧ ಏಕೆ? ಆಟಗಾರರೇ ಕೋಚ್ ಮೇಲೆ ನಂಬಿಕೆ ಕಳೆದುಕೊಂಡರೆ ಏನು ಮಾಡುವುದು ಎಂಬುದು ಇನ್ನೊಂದು ಆಕ್ಷೇಪ. ಹಾಗಾದಾಗ ಬದಲಾವಣೆ ಅನಿವಾರ್ಯ. ಅನುಚಿತ ನಡತೆ, ಅಶಿಸ್ತು ಕಂಡಾಗಲೂ ಅಷ್ಟೇ. ಆದರೆ ಅದು ತರಬೇತಿ ಮೈದಾನದಲ್ಲಿ ದಿನವೂ ನೋಡಿ ತಿಳಿಯಬೇಕಾದ ಸಂಗತಿ, ಸ್ಕೋರ್‌ಬೋರ್ಡ್ ನೋಡಿ ಊಹಿಸುವಂಥದ್ದಲ್ಲ. ತಾಳ್ಮೆಯ ಹೆಸರಿನಲ್ಲಿ ಅಸಮರ್ಥರನ್ನು ಸಾಕಬೇಕೇ ಎಂದು ಕೇಳುವವರಿಗೂ ಉತ್ತರವಿದೆ. ತೀರ್ಪು ಬೇಡ ಎಂದು ನಾನು ಹೇಳುತ್ತಿಲ್ಲ, ತೀರ್ಪಿಗೊಂದು ಕಾಲವಿರಲಿ ಎನ್ನುತ್ತಿದ್ದೇನೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ.

ತಾಳ್ಮೆ ನಿಮ್ಮ ಸಂಸ್ಥೆಗೆ ಹೊಸದೂ ಅಲ್ಲ. 2019ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆಯಿಂದಾಗಿ ನೀರಜ್ ಚೋಪ್ರಾ ಒಂದು ಇಡೀ ಋತು ಕಳೆದುಕೊಂಡಾಗ ನೀವು ಅವರ ಬೆನ್ನಿಗೆ ನಿಂತಿರಿ. 2021ರಲ್ಲಿ ಟೋಕಿಯೊದಲ್ಲಿ ಅವರು ಚಿನ್ನ ಗೆದ್ದರು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ನೀವು ಕಟ್ಟಿರುವ ಕ್ರೀಡಾ ಸಂಸ್ಥೆ ನಿಂತಿರುವುದೇ ಒಬ್ಬ ಕ್ರೀಡಾಪಟು ಬೆಳೆಯಲು ವರ್ಷಗಳು ಬೇಕು ಎಂಬ ನಂಬಿಕೆಯ ಮೇಲೆ. ಕುಸ್ತಿ, ಬಾಕ್ಸಿಂಗ್, ಜಾವೆಲಿನ್‌ಗೆ ಇರುವ ಆ ನಂಬಿಕೆ ಫುಟ್‌ಬಾಲ್ ಕೋಚ್‌ಗೂ ಸಲ್ಲಬೇಕು.

ಹೀಗಾಗಿ ನನ್ನ ಬೇಡಿಕೆಗಳು ಸರಳ. ಋತು ಶುರುವಾಗುವ ಮೊದಲೇ ಕೋಚ್‌ನ ಕೆಲಸವನ್ನು ಅಳೆಯುವ ಮಾನದಂಡಗಳನ್ನು ಬರೆದಿಡಿ. ಅದರಲ್ಲಿ ಪಾಯಿಂಟ್ ಜೊತೆಗೆ ತಂಡ ಸೃಷ್ಟಿಸಿದ ಗೋಲಿನ ಅವಕಾಶಗಳು, ಯುವ ಆಟಗಾರರು ಮೈದಾನದಲ್ಲಿ ಕಳೆದ ನಿಮಿಷಗಳೂ ಇರಲಿ. ತೀರ್ಪನ್ನು ಋತುವಿನ ಕೊನೆಗೆ ಇಟ್ಟುಕೊಳ್ಳಿ. ನಡುವೆ ನಡೆಯುವ ಪರಿಶೀಲನೆ ಕೋಚ್‌ಗೆ ಏನು ನೆರವು ಬೇಕು ಎಂದು ತಿಳಿಯುವುದಕ್ಕೆ ಇರಲಿ. 2021ರಲ್ಲಿ ನೌಶಾದ್ ಮೂಸಾ, 2023ರಲ್ಲಿ ರೆನೆಡಿ ಸಿಂಗ್ ಹಂಗಾಮಿಯಾಗಿ ತಂಡದ ಹೊಣೆ ಹೊತ್ತರು. ಸಹಾಯಕರನ್ನು ಬಿಕ್ಕಟ್ಟಿನ ವಾರಕ್ಕೆ ಮಾತ್ರ ನೆನೆಯದೆ, ಮುಂದಿನ ಕೋಚ್ ಎಂದೇ ಬೆಳೆಸಿ. ಕೊನೆಯದಾಗಿ, ಸತತ ಸೋಲಿನ ದಿನಗಳಲ್ಲಿ ಅಭಿಮಾನಿಗಳೊಂದಿಗೆ ಮಾತಾಡಿ, ಕನ್ನಡದಲ್ಲೂ ಮಾತಾಡಿ. ಏನು ಕೆಟ್ಟಿದೆ, ಅದನ್ನು ಸರಿಪಡಿಸಲು ಏನು ನಡೆದಿದೆ ಎಂದು ತಿಳಿಸಿದರೆ ಈ ಊರಿನ ಜನ ಕಾಯುತ್ತಾರೆ. ಕಾರಣ ತಿಳಿಯದಿದ್ದಾಗಲೇ ನಾವು ಕೋಚ್‌ನ ತಲೆ ಕೇಳುವುದು.

ಈಗ ಕೋಚ್ ಸ್ಥಾನದಲ್ಲಿ ಯಾರೇ ಇರಲಿ, ಮುಂದೆ ಯಾರೇ ಬರಲಿ, ಅವರಿಗೂ ಒಂದು ಕೆಟ್ಟ ತಿಂಗಳು ಬಂದೇ ಬರುತ್ತದೆ. ಆಗ ಸ್ಟೇಡಿಯಂನಲ್ಲಿ ಕೂಗು ಏಳುತ್ತದೆ. ಕೂಗುವವರಲ್ಲಿ ನಮ್ಮ ದನಿಯೂ ಇರಬಹುದು. ಆ ದಿನ ದಯವಿಟ್ಟು ನಮ್ಮ ಕೂಗನ್ನು ಕೇಳಿಸಿಕೊಳ್ಳಿ, ಆದರೆ 2022ರ ಡಿಸೆಂಬರ್‌ನಲ್ಲಿ ಕಾದಂತೆ ಕಾಯಿರಿ.

ಇಂತಿ,
ಬೆಂಗಳೂರು ಎಫ್‌ಸಿಯ ಒಬ್ಬ ಅಭಿಮಾನಿ