ಎಂ.ಎ. ಆದವನು ಲಾರಿ ಓಡಿಸುವುದೆ?

ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ, ಎಲ್ಲಿಯೂ ಬರೆದಿಡದಿದ್ದರೂ ಎಲ್ಲರಿಗೂ ಬಾಯಿಪಾಠವಾಗಿರುವ ಒಂದು ಪಟ್ಟಿಯಿದೆ. ಮಗನ ಪರೀಕ್ಷೆಯ ಫಲಿತಾಂಶ ಬಂದಾಗ, ಮಗಳಿಗೆ ಗಂಡು ನೋಡುವಾಗ ಅದು ತಾನಾಗಿಯೇ ಹೊರಬರುತ್ತದೆ. ವೈದ್ಯ, ಎಂಜಿನಿಯರು, ಸರಕಾರಿ ಅಧಿಕಾರಿ, ಬ್ಯಾಂಕಿನ ನೌಕರ ಎಂದು ಮೇಲಿನಿಂದ ಇಳಿದುಬರುವ ಆ ಪಟ್ಟಿಯಲ್ಲಿ ನನ್ನಂಥ ಮೇಷ್ಟರುಗಳಿಗೂ ನಡುವೆ ಎಲ್ಲೋ ಒಂದು ಮಣೆಯುಂಟು. ಲಾರಿ ಚಾಲಕನಿಗೆ ಮಾತ್ರ ಅದರಲ್ಲಿ ಸ್ಥಳವೇ ಇಲ್ಲ. ಆದರೆ ನಮ್ಮ ಅಡಿಗೆಮನೆಯಲ್ಲಿ ಸಿಂಧನೂರಿನ ಅಕ್ಕಿ, ಬ್ಯಾಡಗಿಯ ಮೆಣಸಿನಕಾಯಿ, ನಾಸಿಕದ ಈರುಳ್ಳಿ ತಮ್ಮ ತಮ್ಮ ಡಬ್ಬಗಳಲ್ಲಿ ನೆಮ್ಮದಿಯಾಗಿ ಕುಳಿತಿರುವುದು ಯಾರ ನಿದ್ದೆಗೇಡಿನ ಫಲ ಎಂಬುದನ್ನು ನಾವು ಯೋಚಿಸುವುದಿಲ್ಲ. ವಾಚಕರು ಈಗ ಕೈಯಲ್ಲಿ ಹಿಡಿದಿರುವ ಈ ಪತ್ರಿಕೆಯ ಕಾಗದವೂ ಲಾರಿಯೇರಿಯೇ ಬಂದದ್ದು!

ಈ ಪಟ್ಟಿಯ ಮಾತು ಈಗ ಬಂದುದಕ್ಕೆ ಕಾರಣವಿದೆ. ನಾನು ಮೊದಮೊದಲು ಪಾಠ ಹೇಳಿದ ತರಗತಿಯ ಒಬ್ಬ ವಿದ್ಯಾರ್ಥಿ ಕನ್ನಡದಲ್ಲಿ ಎಂ.ಎ. ಮುಗಿಸಿ, ಒಂದು ಕಾಲೇಜಿನಲ್ಲಿ ನಾಲ್ಕು ವರ್ಷ ಅತಿಥಿ ಉಪನ್ಯಾಸಕನಾಗಿದ್ದ. ತಿಥಿಯಿಲ್ಲದೆ ಬರುವವನು ಅತಿಥಿ ಎಂದು ಶಬ್ದಾರ್ಥ. ಇವನ ವಿಷಯದಲ್ಲಿ ಬರುವುದಕ್ಕೆ ತಿಥಿಯಿತ್ತು. ಸಂಬಳಕ್ಕೆ ಮಾತ್ರ ತಿಥಿಯಿರಲಿಲ್ಲ. ವರ್ಷದ ಪಾಠಗಳು ಮುಗಿದೊಡನೆ ನೇಮಕವೂ ಮುಗಿಯುವುದು. ಮತ್ತೆ ಅರ್ಜಿ, ಮತ್ತೆ ಕಾಯುವಿಕೆ. ಕಡೆಗೊಮ್ಮೆ ಅವನು ಅರ್ಜಿ ಹಾಕುವುದನ್ನು ಬಿಟ್ಟ. ಭಾರಿ ವಾಹನದ ಲೈಸೆನ್ಸು ಪಡೆದು, ಬೆಂಗಳೂರಿನಿಂದ ದೆಹಲಿಯ ಕಡೆಗೆ ಸರಕು ಒಯ್ಯುವ ಲಾರಿಯೊಂದರಲ್ಲಿ ಎರಡನೆಯ ಚಾಲಕನಾಗಿ ಸೇರಿಕೊಂಡ.

ಸುದ್ದಿ ತಿಳಿದ ಮೇಲೆ ಅವನ ತಂದೆ ನನ್ನನ್ನು ಹುಡುಕಿಕೊಂಡು ಬಂದರು. “ಮೇಷ್ಟ್ರೇ, ತಮ್ಮ ಮಾತನ್ನು ಅವನು ಮೀರುವುದಿಲ್ಲ. ತಾವಾದರೂ ಬುದ್ಧಿ ಹೇಳಬೇಕು. ಪಂಪ ರನ್ನರನ್ನು ಓದಿದವನು ಸ್ಟಿಯರಿಂಗ್ ಹಿಡಿಯುವುದೆಂದರೇನು? ನಾಳೆ ಅವನಿಗೆ ಹೆಣ್ಣು ಕೊಡುವವರು ಯಾರು?” ಎಂದರು. ನೆರೆಮನೆಯವರ ಮುಂದೆ ‘ಮಗ ಟ್ರಾನ್ಸ್‌ಪೋರ್ಟ್ ಕಂಪನಿಯಲ್ಲಿದ್ದಾನೆ’ ಎಂದಷ್ಟೇ ಹೇಳಿ ಅವನ ತಾಯಿ ಮಾತು ತೇಲಿಸುತ್ತಾರಂತೆ. ಆ ಹಿರಿಯರ ಸಂಕಟ ಸುಳ್ಳಲ್ಲ. ಹೊಟ್ಟೆಬಟ್ಟೆ ಕಟ್ಟಿ ಓದಿಸಿದವರು ಅವರು.

ಹುಡುಗ ಊರಿಗೆ ಬಂದಾಗ ಮಾತಾಡಿಸಿದೆ. ಅವನು ಸಂಕೋಚಪಡಲಿಲ್ಲ. “ಸಾರ್, ಪಾಠ ಹೇಳುವಾಗ ಮುಂದಿನ ವರ್ಷದ ಭಯ. ಇಲ್ಲಿ ಮುಂದಿನ ತಿರುವಿನ ಭಯ. ತಿರುವಾದರೆ ಕಣ್ಣಿಗೆ ಕಾಣುತ್ತದೆ,” ಎಂದ. ಇದನ್ನು ಕೇಳಿದ ಮೇಲೆ ನಾನು ಬುದ್ಧಿವಾದವನ್ನು ಬದಿಗಿಟ್ಟು, ಆ ವೃತ್ತಿಯ ಸಮಾಚಾರವನ್ನೇ ವಿಚಾರಿಸತೊಡಗಿದೆ.

ಭಾರಿ ವಾಹನದ ಲೈಸೆನ್ಸು ಬೀದಿಯಲ್ಲಿ ಬಿದ್ದಿರುವ ವಸ್ತುವಲ್ಲ. ಸಾರಿಗೆ ವಾಹನ ನಡೆಸಲು 20 ವರ್ಷ ತುಂಬಿರಬೇಕು. ಹಗುರ ವಾಹನದ ಲೈಸೆನ್ಸು ಪಡೆದು ಒಂದು ವರ್ಷವಾದರೂ ಕಳೆದಿರಬೇಕು. ವೈದ್ಯರ ಪ್ರಮಾಣಪತ್ರ, ತರಬೇತಿ, ಪರೀಕ್ಷೆ ಇವೆಲ್ಲ ಇದ್ದದ್ದೇ. ಎಂಟನೆಯ ತರಗತಿ ಓದಿರಬೇಕೆಂದು ಮೊದಲಿದ್ದ ನಿಯಮವನ್ನು 2019ರಲ್ಲಿ ತೆಗೆದುಹಾಕಿದರು. ಅಂದರೆ ನಮ್ಮ ಎಂ.ಎ. ಪದವಿ ಅಲ್ಲಿ ಅಡ್ಡಿಯೂ ಅಲ್ಲ, ಆಧಾರವೂ ಅಲ್ಲ. ಆದರೆ ನಿಜವಾದ ವಿದ್ಯಾಭ್ಯಾಸ ಲೈಸೆನ್ಸಿನ ಅನಂತರವೇ ಪ್ರಾರಂಭ. ಹಿಂದಿನವರು ಅದನ್ನು ಕ್ಲೀನರುಗಳಾಗಿ ಕಲಿತರು: ಚಕ್ರಕ್ಕೆ ಕಲ್ಲು ಕೊಟ್ಟು, ಸರಕಿನ ಮೇಲೆ ಟಾರ್ಪಾಲು ಬಿಗಿದು, ಟಯರನ್ನು ಕಬ್ಬಿಣದ ಸರಳಿನಿಂದ ತಟ್ಟಿ ಅದರ ನಾದದಿಂದಲೇ ಗಾಳಿಯ ಪ್ರಮಾಣವನ್ನು ಅಳೆದು. ಗುರುಕುಲವೆಂದರೆ ಇದಲ್ಲದೆ ಇನ್ನೇನು?

ಆ ವಿದ್ಯೆಯ ಆಳವನ್ನು ತಿಳಿಯಬೇಕಾದರೆ ಸಕಲೇಶಪುರದಿಂದ ಗುಂಡ್ಯದ ಕಡೆಗೆ ಶಿರಾಡಿ ಘಾಟಿಯನ್ನು ಇಳಿಯುವ ಒಂದು ಲಾರಿಯನ್ನು ನೋಡಬೇಕು. 2018ರಲ್ಲಿ ಏರಿಸಿದ ಮಿತಿಯಂತೆ ಮೂರು ಅಚ್ಚುಗಳ, ಹತ್ತು ಚಕ್ರದ ಲಾರಿ ಸರಕು ಸಮೇತ 28.5 ಟನ್ನುಗಳವರೆಗೆ ತೂಗಬಹುದು. ಅಷ್ಟು ಭಾರವನ್ನು ಇಳಿಜಾರಿನುದ್ದಕ್ಕೂ ಬರಿಯ ಬ್ರೇಕಿನಿಂದ ಹಿಡಿಯಹೊರಟರೆ, ತಿಕ್ಕಾಟದಿಂದ ಬ್ರೇಕು ಕಾದು, ಬೇಕಾದ ಗಳಿಗೆಯಲ್ಲಿ ಹಿಡಿಯದೆ ಹೋಗುತ್ತದೆ. ಆದುದರಿಂದ ಬಲ್ಲ ಚಾಲಕ ಘಾಟಿ ಆರಂಭವಾಗುವ ಮೊದಲೇ ಕೆಳಗಿನ ಗೇರಿಗೆ ಬಂದು, ಎಂಜಿನ್ನಿನಿಂದಲೇ ವೇಗವನ್ನು ತಡೆದು, ಬ್ರೇಕನ್ನು ಜಿಪುಣನ ಹಣದಂತೆ ಜೋಪಾನವಾಗಿ ವೆಚ್ಚಮಾಡುತ್ತಾನೆ. ಇಳಿಯುವ ಮೊದಲು ಯೋಚಿಸದವನು ಇಳಿಯುವಾಗ ಯೋಚಿಸಿ ಫಲವಿಲ್ಲ. ಇಂಥ ವಿವೇಕವನ್ನು ನಾವು ತರಗತಿಯಲ್ಲಿ ಎಷ್ಟು ಮಂದಿಗೆ ಕಲಿಸಿದ್ದೇವೆ?

ಲಾರಿಯನ್ನು ನಂಬಿ ದಾರಿ ಬದಲಿಸಿದವರು ನಮ್ಮಲ್ಲಿ ಇಲ್ಲದಿಲ್ಲ. ಗದಗಿನ ಮುದ್ರಣೋದ್ಯಮದ ಮನೆತನದಲ್ಲಿ ಹುಟ್ಟಿದ ವಿಜಯ ಸಂಕೇಶ್ವರರು 1976ರಲ್ಲಿ ಒಂದೇ ಒಂದು ಲಾರಿಯಿಂದ ಸಾಗಣೆಯ ವ್ಯವಹಾರಕ್ಕಿಳಿದುದು ಕನ್ನಡಿಗರೆಲ್ಲ ಬಲ್ಲ ಕಥೆ. 2022ರಲ್ಲಿ ಅದು ಚಲನಚಿತ್ರವೂ ಆಯಿತು. ಭೋಪಾಲದ ಯೋಗಿತಾ ರಘುವಂಶಿ ಎಂಬ ಮಹಿಳೆ ಕಾನೂನು ಪದವೀಧರೆ. ಪತಿಯನ್ನು ಕಳೆದುಕೊಂಡ ಮೇಲೆ ಇಬ್ಬರು ಮಕ್ಕಳನ್ನು ಸಾಕುವ ಹೊಣೆ ಹೊತ್ತು, ನ್ಯಾಯಾಲಯದ ಕರಿಯ ಕೋಟನ್ನು ಬಿಟ್ಟು ಲಾರಿಯ ಚಕ್ರ ಹಿಡಿದು ರಾಜ್ಯದಿಂದ ರಾಜ್ಯಕ್ಕೆ ಸರಕು ಒಯ್ದವರು. ಆದರೆ ನಮ್ಮ ತಾರತಮ್ಯವನ್ನು ನೋಡಿ! ಲಾರಿಯ ಒಡೆಯನಾದರೆ ಅದು ಸಾಹಸ. ದೂರದ ಊರಿನವರು ಓಡಿಸಿದರೆ ಆದರ್ಶ. ನಮ್ಮ ಮನೆಯ ಹುಡುಗ ಓಡಿಸಿದರೆ ಮಾತ್ರ ಅಧಃಪತನ.

ಹಾಗೆಂದು ಈ ವೃತ್ತಿಗೆ ಹೂವಿನ ಹಾರ ಹಾಕಿ ಕೈತೊಳೆದುಕೊಳ್ಳುವುದೂ ಅನ್ಯಾಯವೇ. ಬೆಂಗಳೂರಿನಿಂದ ದೆಹಲಿಗೆ ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕಿದ ದಾರಿ. ಏರು, ಇಳಿವು, ಊರೊಳಗಿನ ಸಂದಣಿ ಎಲ್ಲ ಸೇರಿ ಗಂಟೆಗೆ ಸರಾಸರಿ 40 ಕಿಲೋಮೀಟರ್ ಎಂದಿಟ್ಟುಕೊಂಡರೆ, 50 ಗಂಟೆಗಳಿಗಿಂತ ಹೆಚ್ಚು ಕಾಲ ಚಕ್ರದ ಹಿಂದೆ ಕುಳಿತಿರಬೇಕು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗಳ ದುಡಿಮೆಯ ಮಿತಿ ಹಾಕಿತು. ದೂರದ ಮಾರ್ಗಗಳಲ್ಲಿ ದಿನಕ್ಕೆ 10, ವಾರಕ್ಕೆ 54ರವರೆಗೆ ಸಡಿಲಿಕೆ ಕೊಟ್ಟಿತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆಯಲ್ಲಿ ಆ ಕಾಯಿದೆ ಲೀನವಾಯಿತಾದರೂ ಎಂಟು ಗಂಟೆಯ ತತ್ತ್ವ ಉಳಿದುಕೊಂಡಿದೆ. ದಿನಕ್ಕೆ ಹತ್ತು ಗಂಟೆಯೇ ಓಡಿಸಿದರೂ ಒಬ್ಬನಿಗೆ ದೆಹಲಿ ಐದು ದಿನಕ್ಕೆ ಮೀರಿದ ಪ್ರಯಾಣ. ಸರಕು ಮೂರು ದಿನಗಳಲ್ಲಿ ತಲಪಬೇಕೆಂದು ಮಾಲೀಕ ಒತ್ತಾಯಿಸಿದರೆ, ಕಡಿಮೆಯಾಗುವ ಆ ಎರಡು ದಿನಗಳು ಎಲ್ಲಿಂದ ಬರಬೇಕು? ಚಾಲಕನ ನಿದ್ದೆಯಿಂದ. ಅಪರಾತ್ರಿಯ ಎರಡು ಮೂರು ಗಂಟೆಯ ಹೊತ್ತಿಗೆ ಕಣ್ಣು ತೆರೆದಿದ್ದರೂ ಮನಸ್ಸು ಮಲಗಿರುತ್ತದೆ ಎಂದು ನಮ್ಮ ಹುಡುಗನೇ ಹೇಳಿದ.

ಸುಧಾರಣೆಯೇ ಆಗಿಲ್ಲವೆಂದಲ್ಲ. 2017ರಲ್ಲಿ ಜಿ.ಎಸ್.ಟಿ. ಬಂದ ಮೇಲೆ ರಾಜ್ಯದ ಗಡಿಗಳಲ್ಲಿ ವಾಣಿಜ್ಯ ತೆರಿಗೆಯ ತನಿಖಾ ಠಾಣೆಗಳ ಮುಂದೆ ಸಾಲುಗಟ್ಟಿ ನಿಲ್ಲುವ ಕಾಟ ತಪ್ಪಿತು. 2025ರ ಅಕ್ಟೋಬರಿನಿಂದ ತಯಾರಾಗುವ ಲಾರಿಗಳಲ್ಲಿ ಚಾಲಕನ ಕೋಣೆಗೆ ಹವಾನಿಯಂತ್ರಣ ಕಡ್ಡಾಯವಾಗಿದೆ. ಆದರೆ ತಂಪಾದ ಕೋಣೆ ನಿದ್ದೆಗೆ ಬದಲಿಯಾಗಲಾರದು. ಲೋಡಿಗಾಗಿ ಗೋದಾಮಿನ ಮುಂದೆ ಕಾಯುವ ದಿನಗಳಿಗೆ ಕೂಲಿಯಿಲ್ಲದಿದ್ದರೆ, ಆ ನಷ್ಟವನ್ನು ತುಂಬಲು ಚಾಲಕ ರಸ್ತೆಯ ಮೇಲೆ ಅವಸರ ಮಾಡಿಯೇ ಮಾಡುತ್ತಾನೆ. ಬೆನ್ನುನೋವು, ಹೊತ್ತುಗೊತ್ತಿಲ್ಲದ ಊಟ, ಮನೆಯ ಹಬ್ಬಕ್ಕೆ ಫೋನಿನಲ್ಲೇ ಹಾಜರಿ, ಇವೂ ಆ ಸಂಬಳದೊಡನೆ ಬರುವ ಭತ್ಯೆಗಳು.

ಆ ತಂದೆಗೆ ನಾನು ಹೇಳಿದ್ದೂ ಇದನ್ನೇ: ಹುಡುಗನನ್ನು ತಡೆಯಬೇಡಿ, ಆದರೆ ವಿಚಾರಿಸದೆ ಬಿಡಲೂ ಬೇಡಿ. ಲಾರಿ ಯಾರದು? ದೂರದ ಪ್ರಯಾಣಕ್ಕೆ ಇಬ್ಬರು ಚಾಲಕರುಂಟೋ ಇಲ್ಲವೋ? ಸಂಬಳ ತಿಂಗಳಿಗೋ, ಟ್ರಿಪ್ಪಿಗೋ? ಕಾಯುವ ದಿನಕ್ಕೆ ಬಾಟಾ ಉಂಟೆ? ಮಿತಿಮೀರಿದ ಭಾರ ಹೇರಿದಾಗ ‘ಒಲ್ಲೆ’ ಎನ್ನುವ ಸ್ವಾತಂತ್ರ್ಯವುಂಟೆ? ವಿಮೆ ಸರಿಯಾಗಿದೆಯೆ? ಕೆಲಸ ಪೂರ್ತಿ ಕಲಿಯುವ ಮೊದಲೇ ಸಾಲಮಾಡಿ ಸ್ವಂತ ಲಾರಿ ಕೊಳ್ಳುವ ಆತುರ ಬೇಡ. ಲಾರಿ ನಿಂತ ದಿನವೂ ಬಡ್ಡಿ ನಿಲ್ಲುವುದಿಲ್ಲ. ಮಗ ಗುಮಾಸ್ತನಾಗಿ ಸೇರುವಾಗ ಪಿಂಚಣಿಯ ನಿಯಮವನ್ನು ಕೇಳಿ ತಿಳಿಯುವ ನಾವು, ಅವನ ಪ್ರಾಣದ ಪ್ರಶ್ನೆಯಿರುವ ಕೆಲಸದಲ್ಲಿ ನೆರೆಮನೆಯವರ ಅಭಿಪ್ರಾಯವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುವುದು ವಿಚಿತ್ರವಲ್ಲವೆ?

ಹನ್ನೆರಡನೆಯ ಶತಮಾನದ ಶರಣರು ತಮ್ಮ ಕಸುಬನ್ನು ಮರೆಮಾಚಲಿಲ್ಲ. ಹೆಸರಿನ ಮುಂದೆಯೇ ಇಟ್ಟುಕೊಂಡರು. ದೋಣಿ ನಡೆಸಿದ ಅಂಬಿಗರ ಚೌಡಯ್ಯನ ವಚನಗಳ ಮೇಲೆ ಪ್ರತಿವರ್ಷ ನಾವು ಪ್ರಶ್ನೆ ಕೇಳುತ್ತೇವೆ, ಉತ್ತರಕ್ಕೆ ಅಂಕ ಕೊಡುತ್ತೇವೆ. ಅಂದು ಜನರನ್ನು ಹೊಳೆ ದಾಟಿಸಿದವನಿಗೆ ಪಠ್ಯದಲ್ಲಿ ಸ್ಥಾನ ಕೊಟ್ಟ ನಾವು, ಇಂದು ಅನ್ನವನ್ನು ಘಟ್ಟ ದಾಟಿಸುವವನಿಗೆ ಮನೆಯ ಜಗುಲಿಯಲ್ಲಿ ಕುರ್ಚಿ ಕೊಡಲು ಹಿಂಜರಿದರೆ, ಓದಿದ ವಚನ ನಾಲಗೆಯಿಂದ ಕೆಳಗೆ ಇಳಿಯಲಿಲ್ಲವೆಂದೇ ಅರ್ಥ.

ಮಾನಕ್ಕೆ ಬಂದ ಕೊರತೆಯೇನೂ ಇಲ್ಲ, ಕೊರತೆಯಾಗಿರುವುದು ವಿಶ್ರಾಂತಿಗೆ. ಆದುದರಿಂದ ಮಗನೋ ಮಗಳೋ ದೂರದ ದಾರಿಯ ಲಾರಿ ಹಿಡಿದ ಮನೆಯವರು ‘ಜನ ಏನೆಂದಾರು?’ ಎಂಬ ಹಳೆಯ ಪ್ರಶ್ನೆಯನ್ನು ಬಿಟ್ಟು, ಫೋನು ಮಾಡಿದಾಗಲೆಲ್ಲ ಇನ್ನೊಂದು ಪ್ರಶ್ನೆಯನ್ನು ಕೇಳಲಿ: “ನಿನ್ನೆ ರಾತ್ರಿ ಎಷ್ಟು ಗಂಟೆ ಮಲಗಿದೆ, ಮಗು?”