ಕಾರಿಗೆ ಎರಡು ಲೇಪ, ಹಳ್ಳಕ್ಕೆ ಎಷ್ಟು?

ಮಳೆಗಾಲ ಮುಗಿದು ಆಯುಧಪೂಜೆ ಸಮೀಪಿಸುತ್ತಿದ್ದಂತೆ ಮಲೆನಾಡಿನ ಹಳ್ಳಗಳಿಗೆ ಕಾರುಗಳು ಇಳಿಯತೊಡಗುತ್ತವೆ. ನಾಲ್ಕು ತಿಂಗಳ ಕೆಸರು ಮೆತ್ತಿದ ವಾಹನವನ್ನು ಮೊಣಕಾಲುದ್ದದ ನೀರಿನಲ್ಲಿ ನಿಲ್ಲಿಸಿ, ನೊರೆಯೆಬ್ಬಿಸಿ ತೊಳೆದು, ದಡದಲ್ಲಿ ಮೇಣ ತಿಕ್ಕುವುದು ಹಬ್ಬದ ಸಿದ್ಧತೆಯ ಅಂಗವೇ ಆಗಿಬಿಟ್ಟಿದೆ. ಪೇಟೆಯ ಅಂಗಡಿಗಳಿಗಾದರೋ ಒಂದು ಲೇಪ ಸಾಲದು. ಮೊದಲು ಬಣ್ಣಕ್ಕೆ ಸೀಲೆಂಟ್, ಅದರ ಮೇಲೆ ಕಾರ್ನೌಬಾ ಮೇಣ. ಎರಡು ಲೇಪ ಹಾಕಿಸಿದರೆ ಎರಡು ಪಟ್ಟು ರಕ್ಷಣೆ ಎಂಬುದು ಅಲ್ಲಿಯ ಮಾತು. ಈ ಮಾತಿನಲ್ಲಿ ನಿಜವೆಷ್ಟು, ಸವೆದುಹೋದ ಲೇಪ ಎಲ್ಲಿ ಸೇರುತ್ತದೆ ಎಂಬುದನ್ನು ವಿಚಾರಿಸಬೇಕಾಗಿದೆ.

ಎರಡು ಪದರಗಳ ಉಪಾಯವನ್ನು ಮೊದಲು ಕಂಡುಕೊಂಡದ್ದು ಸಸ್ಯ. ಕೆಸುವಿನ ಎಲೆಯ ಮೇಲೆ ಬಿದ್ದ ಹನಿ ಮುತ್ತಿನಂತೆ ಉರುಳಿಹೋಗುವುದನ್ನು ನೋಡದ ಮಲೆನಾಡಿಗರಿಲ್ಲ. ಎಲೆಯ ಹೊರಚರ್ಮದಲ್ಲಿ ಕ್ಯೂಟಿನ್ ಎಂಬ ಗಟ್ಟಿ ಪದರ, ಅದರ ಮೇಲೆ ಸೂಕ್ಷ್ಮವಾದ ಮೇಣದ ಹರಳುಗಳು. ಕಾರಿಗೆ ಬಳಿಯುವ ಕಾರ್ನೌಬಾ ಮೇಣವೂ ಎಲೆಯದೇ. ಬ್ರೆಜಿಲ್ ದೇಶದ ಈಶಾನ್ಯದ ಒಣಪ್ರದೇಶದಲ್ಲಿ ಬೆಳೆಯುವ, ನಮ್ಮ ಅಡಕೆಯ ಕುಟುಂಬಕ್ಕೇ ಸೇರಿದ ಮರವೊಂದರ ಎಲೆಗಳನ್ನು ಕೊಯ್ದು, ಒಣಗಿಸಿ, ಬಡಿದು ಅದನ್ನು ಉದುರಿಸುತ್ತಾರೆ. ಜೇನುಮೇಣ ಸುಮಾರು 63 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ ಕಾರ್ನೌಬಾ ಕರಗಲು 80 ಡಿಗ್ರಿಗೂ ಹೆಚ್ಚು ಶಾಖ ಬೇಕು. ಬಿಸಿಲಿಗೆ ಕಾಯುವ ಕಾರಿನ ಮೇಲ್ಮೈಗೆ ಅದನ್ನು ಆರಿಸಿಕೊಂಡದ್ದು ಈ ಕಾರಣದಿಂದ. ಆದರೆ ಎಲೆಗೂ ಕಾರಿಗೂ ಒಂದು ವ್ಯತ್ಯಾಸವಿದೆ: ಬೆಳೆಯುವ ಎಲೆ ತನ್ನ ಮೇಣವನ್ನು ತಾನೇ ಮತ್ತೆ ಸ್ರವಿಸಿಕೊಳ್ಳುತ್ತದೆ, ಕಾರಿಗೆ ಮತ್ತೆ ಮತ್ತೆ ಕೊಂಡು ಬಳಿಯಬೇಕು.

ಸೀಲೆಂಟ್ ಕೆಳಗೆ, ಮೇಣ ಮೇಲೆ ಎಂಬ ಕ್ರಮಕ್ಕೆ ಅರ್ಥವಿದೆ. ಸೀಲೆಂಟ್ ಎಂಬುದು ಕಾರ್ಖಾನೆಯಲ್ಲಿ ತಯಾರಾದ ಪಾಲಿಮರ್. ಅದು ಹಿಡಿದುಕೊಳ್ಳಬೇಕಾದರೆ ಬಣ್ಣದ ಮೇಲ್ಮೈಯಲ್ಲಿ ಎಣ್ಣೆಯಾಗಲಿ ಮೇಣವಾಗಲಿ ಇರಕೂಡದು. ಹಚ್ಚಿದ ಮೇಲೆ ಗಟ್ಟಿಯಾಗಲು ಹಲವು ಗಂಟೆಗಳ ಬಿಡುವೂ ಬೇಕು. ಒದ್ದೆ ಕೊನೆಗೆ ಬೋರ್ಡೋ ದ್ರಾವಣ ಹೊಡೆದರೆ ಅದು ಅಂಟದೆ ಇಳಿದುಹೋಗುತ್ತದೆಂದು ತೋಟಿಗರಿಗೆ ಗೊತ್ತು. ಮೇಣದ ಮೇಲೆ ಸೀಲೆಂಟ್ ಹಚ್ಚುವುದೂ ಅಂಥದೇ ವ್ಯರ್ಥ ಶ್ರಮ.

ಕ್ರಮ ಸರಿಯಾದ ಮಾತ್ರಕ್ಕೆ ರಕ್ಷಣೆ ಇಮ್ಮಡಿಯಾಗುವುದಿಲ್ಲ. ಮಳೆಹನಿ ಮುಟ್ಟುವುದು ಮೇಲಿನ ಪದರವನ್ನು ಮಾತ್ರ. ಸೀಲೆಂಟ್‌ಗೆ ನೀರನ್ನು ಜಾರಿಸುವ ಗುಣವಿದೆಯೆಂದು ಹಣ ತೆತ್ತವನು ಅದರ ಮೇಲೆ ಮೇಣ ಬಳಿಸಿದರೆ ಅವನಿಗೆ ಕಾಣುವುದು ಮೇಣದ ಗುಣವೇ. ಸೀಲೆಂಟ್ ಸಾಮಾನ್ಯವಾಗಿ ಕೆಲವು ತಿಂಗಳು ಬಾಳಿದರೆ ಮೇಣ ಬಾಳುವುದು ಕೆಲವು ವಾರ. ಮೇಣ ತಾನು ಮೊದಲು ಸವೆದು ಕೆಳಗಿನ ಪದರವನ್ನು ಅಷ್ಟು ದಿನ ಕಾಯುತ್ತದೆ ಎಂಬುದು ನಿಜ. ಬಣ್ಣಕ್ಕೆ ತುಸು ಆಳವಾದ ಹೊಳಪು ಬರುವುದೂ ನಿಜ. ಒಣ ಊರಿನಲ್ಲಿ, ಚಾವಣಿಯ ಕೆಳಗೆ ನಿಲ್ಲುವ ಕಾರಿಗೆ ಅಷ್ಟು ಸಾಕೆನಿಸಬಹುದು.

ಮಲೆನಾಡಿನ ಮಾತು ಬೇರೆ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರನ್ನು ಮೀರುತ್ತದೆ. ಮಣ್ಣುರಸ್ತೆಯ ಮರಳುಗೂಡಿದ ಕೆಸರು, ಅದನ್ನು ತೆಗೆಯಲು ಬಳಸುವ ಖಾರವಾದ ಸೋಪು, ಇವೆರಡರ ನಡುವೆ ಮೇಣದ ಆಯುಷ್ಯ ಇನ್ನೂ ಕುಗ್ಗುತ್ತದೆ. ಅಲ್ಲದೆ ಇಲ್ಲಿಯ ವಾಹನಗಳಿಗೆ ತುಕ್ಕು ಹಿಡಿಯುವುದು ಹೆಚ್ಚಾಗಿ ಚಕ್ರದ ಮೇಲಿನ ಮಡ್‌ಗಾರ್ಡಿನ ಒಳಗೆ, ಬಾಗಿಲಿನ ಅಡಿಯಲ್ಲಿ, ಒದ್ದೆ ಕೆಸರು ಕೂತಲ್ಲಿ. ಬಾನೆಟ್ಟಿನ ಮೇಲೆ ಎಷ್ಟು ಮೇಣ ತಿಕ್ಕಿದರೂ ಅಡಿಯ ಕಬ್ಬಿಣಕ್ಕೆ ಅದರಿಂದ ಪ್ರಯೋಜನವಿಲ್ಲ.

ಹೀಗೆ ಬೇಗ ಸವೆಯುವ ಲೇಪಕ್ಕಾಗಿ ತೊಳೆಯುವ, ಹಳೆಯದನ್ನು ಕೀಳುವ, ಹೊಸದನ್ನು ಬಳಿಯುವ ಸರದಿ ಹೆಚ್ಚುತ್ತದೆ. ಹಳ್ಳದ ಪಾಲಿಗೆ ಮುಖ್ಯವಾದದ್ದು ಈ ಸರದಿ. ಸೋಪಿನ ನೊರೆ ನೀರಿನ ಮೇಲ್ಮೈಯ ಬಿಗಿತವನ್ನು ಕಳೆಯುತ್ತದೆ. ನೀರಿನ ಮೇಲೆ ಓಡುವ ಉದ್ದಕಾಲಿನ ಕೀಟಗಳಿಗೆ ಆ ಬಿಗಿತವೇ ನೆಲ. ಮೀನಿನ ಕಿವಿರಿಗೂ ಅದು ಹಾನಿಕರ. ಗಟ್ಟಿಯಾದ ಕಾರ್ನೌಬಾವನ್ನು ಬಳಿಯಲು ಬರುವಂತೆ ಮಾಡಲು ಎಣ್ಣೆ, ಪೆಟ್ರೋಲಿಯಂ ದ್ರಾವಕಗಳನ್ನು ಬೆರೆಸುವುದರಿಂದ ಗಿಡದ ಮೇಣವೆಂಬ ಹೆಸರನ್ನು ನಂಬಿ ನಿಶ್ಚಿಂತರಾಗುವಂತಿಲ್ಲ.

ಸೀಲೆಂಟ್‌ಗಳಲ್ಲಿ ಕೆಲವಕ್ಕೆ ಇನ್ನೂ ದೊಡ್ಡ ದೋಷವಿದೆ. ಬಹುಕಾಲದಿಂದ ‘ಟೆಫ್ಲಾನ್ ಲೇಪನ’ ಎಂಬ ಹೆಸರಿನಲ್ಲಿ ಮಾರಾಟವಾಗುತ್ತ ಬಂದಿರುವುದು ಫ್ಲೋರಿನ್ ಇರುವ ಪಾಲಿಮರ್. ಕಾವಲಿಗೆ ಅದನ್ನು ಕೂರಿಸಲು 300 ಡಿಗ್ರಿಗೂ ಮಿಕ್ಕಿದ ಶಾಖ ಬೇಕು. ಕಾರಿನ ಬಣ್ಣಕ್ಕೆ ಆ ಶಾಖ ಕೊಡುವುದು ಸಾಧ್ಯವೇ ಇಲ್ಲ. ಫ್ಲೋರಿನ್ ಮತ್ತು ಇಂಗಾಲದ ಬೆಸುಗೆಯನ್ನು ಮಣ್ಣಿನ ಜೀವಾಣುಗಳು ಸುಲಭವಾಗಿ ಬಿಡಿಸಲಾರವು. ಈ ಪಾಲಿಮರಿನ ತಯಾರಿಕೆಯಲ್ಲಿ ಬಳಕೆಯಲ್ಲಿದ್ದ ಪಿಎಫ್‌ಒಎ ಎಂಬ ರಾಸಾಯನಿಕವನ್ನು 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿಸಿ, ಅದನ್ನು ಕೈಬಿಡಬೇಕೆಂದು ರಾಷ್ಟ್ರಗಳು ನಿರ್ಧರಿಸಿದವು. ಬೇರೆಡೆ ನದಿಗಳು ಕೆಟ್ಟ ಮೇಲೆ ಕಲಿತ ಪಾಠವನ್ನು ಮಲೆನಾಡು ತನ್ನ ಅಬ್ಬಿ ನೀರು ಕೆಡುವ ಮೊದಲೇ ಕಲಿಯಬಹುದು.

ಕಾರು ಕೊಳ್ಳಬಾರದೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಬಸ್ಸು ಬಾರದ ಹಳ್ಳಿಯಲ್ಲಿ ಬಾಣಂತಿಯನ್ನು ಆಸ್ಪತ್ರೆಗೆ ಕರೆದೊಯ್ಯುವುದು ಅದೇ ವಾಹನ. ಅದನ್ನು ಕಾಪಾಡಿಕೊಳ್ಳುವ ಹಂಬಲ ನ್ಯಾಯವಾದದ್ದೇ. ಫ್ಲೋರಿನ್ ಇಲ್ಲವೆಂದು ಸ್ಪಷ್ಟವಾಗಿ ಬರೆದಿರುವ ಒಂದೇ ಲೇಪವನ್ನು, ಸೀಲೆಂಟ್ ಆಗಲಿ ಮೇಣವಾಗಲಿ, ಮಳೆಗಾಲಕ್ಕೆ ಮೊದಲೊಮ್ಮೆ, ಕಳೆದ ಮೇಲೊಮ್ಮೆ ಹಚ್ಚಿದರೆ ಸಾಕು. ತೊಳೆಯುವ ಕೆಲಸ ಮನೆಯಂಗಳದ ಮಣ್ಣಿನ ಮೇಲೆ, ಬಾವಿಗೂ ತೋಟದ ಬಸಿಗಾಲುವೆಗೂ ದೂರವಾಗಿ ನಡೆಯಲಿ. ಸೋಪನ್ನು ಬಹುಪಾಲು ಮಣ್ಣು ಅರಗಿಸಿಕೊಳ್ಳುತ್ತದೆ. ಬಕೆಟ್ಟಿನ ಕೊನೆಯ ನೀರು ಕಾರಿನ ಅಡಿಗೆ ಬೀಳಲಿ.

ಶಾಲಾ ಕಾಲೇಜುಗಳ ವಿದ್ಯಾರ್ಥಿಗಳು ಈ ಮಾತನ್ನು ಪರೀಕ್ಷಿಸಿಯೇ ಒಪ್ಪಲಿ. ಒಂದು ಕಾರಿನ ಬಾನೆಟ್ಟನ್ನು ಎರಡು ಪಾಲು ಮಾಡಿ, ಒಂದಕ್ಕೆ ಸೀಲೆಂಟ್ ಮಾತ್ರ, ಇನ್ನೊಂದಕ್ಕೆ ಅದರ ಮೇಲೆ ಮೇಣ ಹಚ್ಚಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ನೀರೆರೆದು ಹನಿಗಳ ಆಕಾರವನ್ನು ಬರೆದಿಡಲಿ. ಎರಡು ಪಾಲುಗಳ ವ್ಯತ್ಯಾಸ ಯಾವ ವಾರ ಅಳಿಸಿತೆಂದು ಅವರ ಪುಸ್ತಕವೇ ಹೇಳುತ್ತದೆ.

ಹೊಳೆಹಳ್ಳಗಳಿಗೆ ಮಾಲಿನ್ಯ ಸೇರಿಸುವುದನ್ನು 1974ರ ಜಲ ಕಾಯ್ದೆಯ 24ನೇ ಕಲಂ ನಿಷೇಧಿಸುತ್ತದೆ. ಆದರೆ ಹಳ್ಳದ ಪ್ರತಿ ಗುಂಡಿಗೂ ಅಧಿಕಾರಿಗಳು ಬಂದು ನಿಲ್ಲಲಾರರು. ಹಬ್ಬಕ್ಕೆ ಮುಂಚಿನ ಗ್ರಾಮಸಭೆಯಲ್ಲಿ ‘ಹಳ್ಳದಲ್ಲಿ ವಾಹನ ತೊಳೆಯಕೂಡದು’ ಎಂಬ ಒಂದು ನಿರ್ಣಯವಾಗಿ, ನೀರಿಗೆ ಇಳಿಯುವ ಹಾದಿಯಲ್ಲಿ ಒಂದು ಹಲಗೆ ನಿಂತರೆ, ಊರಿನವರೂ ಪ್ರವಾಸಿಗರೂ ಅದನ್ನು ಓದಿಯಾರು. ಆಯುಧಪೂಜೆಯ ದಿನ ಕಾರಿಗೆ ಹೂವಿನ ಹಾರ ಬೀಳಲಿ. ಅಂದು ಕೆಳಗಿನ ಮನೆಯವರು ತುಂಬಿಕೊಳ್ಳುವ ಕೊಡದ ನೀರಿನಲ್ಲಿ ನೊರೆ ಇರದಿರಲಿ.