ವ್ಯಾಯಾಮ ಶಿಕ್ಷಕನೂ ಗುರುವೇ

ವಡಪಳನಿ ಮತ್ತು ಸುತ್ತಣ ಬಡಾವಣೆಗಳಲ್ಲಿ ನೆಲೆಸಿರುವ ಕನ್ನಡಿಗರು ರಾಜ್ಯೋತ್ಸವದಂದು ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದ ಮಕ್ಕಳನ್ನು ವೇದಿಕೆಗೆ ಕರೆದು ಬಹುಮಾನವೀಯುವುದು ಶ್ಲಾಘನೀಯವಾದ ಪದ್ಧತಿ. ಆದರೆ ಓಟದಲ್ಲಿಯೋ ಚೆಂಡಾಟದಲ್ಲಿಯೋ ಮುಂದಾದ ಹುಡುಗನಿಗೆ ಆ ವೇದಿಕೆಯಲ್ಲಿ ಸ್ಥಾನವಿರುವುದು ಅಪರೂಪ. ಅವನಿಗೆ ಆಟ ಕಲಿಸಿದವರನ್ನಂತೂ ನಾವು 'ಡ್ರಿಲ್ ಮಾಸ್ತರು' ಎಂದು ಅರೆನಗೆಯಿಂದ ಕರೆದು ಸುಮ್ಮನಾಗುತ್ತೇವೆ. ಈ ಉಪೇಕ್ಷೆ ಸಲ್ಲದು ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ಇದಕ್ಕೆ ನಿದರ್ಶನವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ನಮ್ಮ ವಡಪಳನಿಗೆ ಸಮೀಪದ ನಂದನದಲ್ಲಿ ವೈ.ಎಂ.ಸಿ.ಎ. ವ್ಯಾಯಾಮ ಶಿಕ್ಷಣ ಕಾಲೇಜು ಇದೆ. ಅದರ ಸ್ಥಾಪಕರು ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕನ್ನರು. 1884ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಜನಿಸಿ, ಸ್ಪ್ರಿಂಗ್‌ಫೀಲ್ಡಿನಲ್ಲಿ ವ್ಯಾಯಾಮ ಶಿಕ್ಷಣ ಪಡೆದು, 1919ರಲ್ಲಿ ಅವರು ಅಂದಿನ ಮದರಾಸಿಗೆ ಬಂದರು. ಮರುವರ್ಷವೇ, ಅಂದರೆ 1920ರಲ್ಲಿ, ಕೇವಲ ಐವರು ವಿದ್ಯಾರ್ಥಿಗಳೊಡನೆ ಶಾಲೆಯನ್ನು ತೆರೆದರು. ವ್ಯಾಯಾಮ ಶಿಕ್ಷಕರನ್ನು ತರಬೇತುಗೊಳಿಸುವುದಕ್ಕೆಂದೇ ನಮ್ಮ ದೇಶದಲ್ಲಿ ಹುಟ್ಟಿದ ಮೊದಲ ಕಾಲೇಜು ಅದು. 1943ರಲ್ಲಿ ತೀರಿಕೊಳ್ಳುವವರೆಗೂ ಅವರ ಬಾಳು ಆ ಕೆಲಸಕ್ಕೇ ಮೀಸಲಾಗಿತ್ತು.

ಬಕ್ ಅವರು ಕಲಿತ ಸ್ಪ್ರಿಂಗ್‌ಫೀಲ್ಡಿನ ಪರಂಪರೆಯೂ ಗಮನಾರ್ಹವಾದದ್ದು. 1890ರಲ್ಲಿ ಅಲ್ಲಿ ಅಮೆರಿಕನ್ ಫುಟ್‌ಬಾಲ್ ತಂಡವನ್ನು ಕಟ್ಟಿದವರು ಏಮಾಸ್ ಅಲಾಂಜೊ ಸ್ಟಾಗ್. ಆ ತಂಡದಲ್ಲಿ ಆಡಿದ ಜೇಮ್ಸ್ ನೈಸ್ಮಿತ್ ಅವರೇ ಮರುವರ್ಷ ಬಾಸ್ಕೆಟ್‌ಬಾಲ್ ಆಟವನ್ನು ರೂಪಿಸಿದರು. ಧರ್ಮೋಪದೇಶಕರಾಗಬೇಕೆಂದಿದ್ದ ಸ್ಟಾಗ್, ಆ ವೃತ್ತಿಯನ್ನು ಬಿಟ್ಟು ಆಟದ ಬಯಲನ್ನೇ ಬೋಧನೆಯ ಪೀಠವನ್ನಾಗಿ ಮಾಡಿಕೊಂಡರು. 1892ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯವು ಅವರಿಗೆ ಪ್ರಾಧ್ಯಾಪಕ ವರ್ಗದಲ್ಲಿಯೇ ಸ್ಥಾನ ಕೊಟ್ಟಿತು. ನಲವತ್ತು ವರ್ಷಗಳಷ್ಟು ಕಾಲ ಅವರು ಅಲ್ಲಿದ್ದರು. ಆಟ ಕಲಿಸುವವನು ಕೂಲಿಯಾಳಲ್ಲ, ಉಪಾಧ್ಯಾಯನೇ ಎಂಬುದನ್ನು ಆ ವಿದ್ಯಾಸಂಸ್ಥೆ ಅಂದೇ ಒಪ್ಪಿತ್ತು. ನಾವಾದರೋ ಇಂದಿಗೂ ಅನುಮಾನಿಸುತ್ತಿದ್ದೇವೆ!

ಗುರುವಿಲ್ಲದ ಸಾಮರ್ಥ್ಯ ಎಷ್ಟು ದೂರ ಹೋದೀತು? 1920ರ ಆಂಟ್‌ವರ್ಪ್ ಒಲಿಂಪಿಕ್ಸಿನ ಮ್ಯಾರಥಾನಿನಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆಯವರು ಹತ್ತೊಂಬತ್ತನೆಯವರಾಗಿ ಗುರಿ ಮುಟ್ಟಿದರು. ಕ್ರಮಬದ್ಧ ಶಿಕ್ಷಣದ ವ್ಯವಸ್ಥೆ ನಮ್ಮಲ್ಲಿ ಇನ್ನೂ ಬೇರೂರದಿದ್ದ ಕಾಲದಲ್ಲಿ ಅದು ಸಾಮಾನ್ಯ ಸಾಧನೆಯಲ್ಲ. ನಾಲ್ಕು ವರ್ಷಗಳ ಬಳಿಕ ಪ್ಯಾರಿಸಿಗೆ ಹೋದ ಭಾರತದ ತಂಡವನ್ನು ತರಬೇತುಗೊಳಿಸಿ ಕರೆದೊಯ್ದವರು ಇದೇ ಬಕ್ ಅವರು. ಆ ತಂಡದಲ್ಲಿ ಹರ್ಡಲ್ಸ್ ಓಡಿದ ಸಿ. ಕೆ. ಲಕ್ಷ್ಮಣನ್ ಮುಂದೆ ವೈದ್ಯರಾಗಿಯೂ ಉನ್ನತಿಗೇರಿದರು. ಆಟವು ಓದಿನ ಶತ್ರುವೆಂದು ಹೇಳುವ ತಂದೆತಾಯಿಗಳು ಇದನ್ನು ಮನಗಾಣಬೇಕು.

"ಬೆಳಗಿನ ಜಾವದಿಂದ ರಾತ್ರಿಯವರೆಗೆ ನಿಂತೇ ದುಡಿಯುವ ನಮಗೆ ಬೇರೆ ವ್ಯಾಯಾಮವೇಕೆ?" ಎಂದು ಹೋಟೆಲಿನ ಬಂಧುಗಳು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ದುಡಿಮೆ ಬೇರೆ, ಆಟ ಬೇರೆ. ಒಲೆಯ ಮುಂದೆ ಬೇಯುವುದು, ತಟ್ಟೆ ಹೊತ್ತು ಓಡಾಡುವುದು ಮೈಯನ್ನು ಸವೆಸುತ್ತದೆ. ಆಟವು ಸವೆದದ್ದನ್ನು ತುಂಬುತ್ತದೆ. ಇಡೀ ದಿನ ಕುರ್ಚಿಗೆ ಅಂಟಿಕೊಂಡು ಲೆಕ್ಕ ಬರೆಯುವ ಗುಮಾಸ್ತರಿಗಂತೂ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಊರು ಬಿಟ್ಟು ಬಂದ ಹುಡುಗನಿಗೆ ಆಟದ ಬಯಲು ಇನ್ನೊಂದು ಉಪಕಾರವನ್ನೂ ಮಾಡುತ್ತದೆ: ಅಲ್ಲಿ ತಮಿಳರು, ತೆಲುಗರು, ಕನ್ನಡಿಗರು ಎಂಬ ಭೇದವಿಲ್ಲದೆ ಗೆಳೆಯರು ದೊರೆಯುತ್ತಾರೆ. ಕೆಲಸ ಮುಗಿದೊಡನೆ ಮಲಗುವ ಕೋಣೆಗೆ ಮರಳುವುದಷ್ಟೇ ಬಾಳಾದವನಿಗೆ ಇದು ಅಲ್ಪ ಲಾಭವೆ?

ಆದಕಾರಣ ನಮ್ಮ ಸಲಹೆ ಇಷ್ಟು. ಸಂಘಗಳು ತಮ್ಮ ಬಹುಮಾನದ ಹಣದಲ್ಲಿ ಒಂದು ಪಾಲನ್ನು ಆಟಗಾರ ಮಕ್ಕಳ ಬೂಟು, ಚೆಂಡು, ತರಬೇತಿಗೆ ತೆಗೆದಿಡಲಿ. ವರ್ಷಕ್ಕೊಬ್ಬ ವ್ಯಾಯಾಮ ಶಿಕ್ಷಕರನ್ನಾದರೂ ವೇದಿಕೆಗೆ ಕರೆದು ಗೌರವಿಸಲಿ. ಹೋಟೆಲು ಮಾಲಿಕರು, ಗಿರಾಕಿಗಳು ಕಡಿಮೆಯಾಗುವ ಮಧ್ಯಾಹ್ನದ ಹೊತ್ತಿನಲ್ಲಿ ವಾರಕ್ಕೊಮ್ಮೆ ಸರದಿಯಂತೆ ತಮ್ಮ ಹುಡುಗರಿಗೆ ಆಟಕ್ಕೆಂದು ಬಿಡುವು ಕೊಡಲಿ. ಇದರಿಂದ ಯಾರ ಗಲ್ಲಾವೂ ಬರಿದಾಗದು.

ಪರದೇಶದಿಂದ ಬಂದವರೊಬ್ಬರು ಐವರು ಶಿಷ್ಯರನ್ನು ನೆಚ್ಚಿ ಕೆಲಸ ಆರಂಭಿಸಿದರು. ಇಷ್ಟು ಮಂದಿ ಕನ್ನಡಿಗರಿರುವ ಈ ನಗರದಲ್ಲಿ ಐವರು ಮಕ್ಕಳಿಗೆ ಆಟದ ಬಯಲಿನ ದಾರಿ ತೋರಿಸುವುದು ನಮ್ಮಿಂದಾಗದೆ?